ಭಾರತದಲ್ಲಿ ಪೋಲಿಯೊ ಕಣ್ಗಾವಲು

ಪೋಲಿಯೊ ಕಣ್ಗಾವಲು ಎಂಬುದು ದೇಶದ ಯಾವುದೇ ಭಾಗದಲ್ಲಿ ಪೋಲಿಯೊ ವೈರಾಣು ಹರಡುತ್ತಿದ್ದರೆ ಅದನ್ನು ಪತ್ತೆಹಚ್ಚಲು ರೂಪಿಸಲಾದ ವ್ಯವಸ್ಥೆ. ಭಾರತದಲ್ಲಿ ಇದಕ್ಕಾಗಿ ಕೇಂದ್ರ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ಸಹಯೋಗದಲ್ಲಿ ರಾಷ್ಟ್ರೀಯ ಪೋಲಿಯೊ ಕಣ್ಗಾವಲು ಯೋಜನೆಯು 1997ರಲ್ಲಿ ಆರಂಭವಾಯಿತು. ಮಕ್ಕಳಿಗೆ ಲಸಿಕೆಯ ಹನಿ ಹಾಕುವ ಪಲ್ಸ್ ಪೋಲಿಯೊ ಕಾರ್ಯಕ್ರಮವು ಜನರಿಗೆ ಚಿರಪರಿಚಿತ. ವೈರಾಣು ಇನ್ನೂ ಎಲ್ಲಿ ಉಳಿದಿದೆ ಎಂಬುದನ್ನು ತೋರಿಸಿ, ಆ ಕಾರ್ಯಕ್ರಮಕ್ಕೆ ದಾರಿ ತೋರಿದ್ದು ಈ ಕಣ್ಗಾವಲು ವ್ಯವಸ್ಥೆ.

ಹಿನ್ನೆಲೆ

ಪೋಲಿಯೊ ವೈರಾಣು ಮುಖ್ಯವಾಗಿ ಸೋಂಕಿತರ ಮಲದಿಂದ ಕಲುಷಿತವಾದ ನೀರು, ಆಹಾರ ಮತ್ತು ಕೈಗಳ ಮೂಲಕ ಹರಡುತ್ತದೆ. ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಶಾಶ್ವತ ಲಕ್ವ ಉಂಟಾಗುತ್ತದೆ. ಉಳಿದವರಲ್ಲಿ ಬಹುತೇಕರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ, ಅಥವಾ ಸಾಮಾನ್ಯ ಜ್ವರ ಬಂದು ಹೋಗುತ್ತದೆ. ಆದುದರಿಂದ ಒಂದು ಮಗುವಿನ ಕಾಲು ಶಕ್ತಿ ಕಳೆದುಕೊಳ್ಳುವ ಹೊತ್ತಿಗೆ ವೈರಾಣು ಸುತ್ತಮುತ್ತಲಿನ ನೂರಾರು ಮಂದಿಯನ್ನು ತಲುಪಿರುತ್ತದೆ. ಒಂದೇ ಒಂದು ಪ್ರಕರಣ ಕೈತಪ್ಪಿದರೂ ಆ ಪ್ರದೇಶದಲ್ಲಿ ರೋಗವಿಲ್ಲವೆಂಬ ತಪ್ಪು ತಿಳಿವಳಿಕೆ ಮೂಡುವ ಅಪಾಯವಿದೆ.

ಕಾರ್ಯವಿಧಾನ

ಕಣ್ಗಾವಲಿನಲ್ಲಿ ಪೋಲಿಯೊ ಎಂದು ಖಚಿತವಾದ ಪ್ರಕರಣಗಳನ್ನಷ್ಟೇ ಹುಡುಕುವುದಿಲ್ಲ. 15 ವರ್ಷದೊಳಗಿನ ಯಾವುದೇ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಂಡು ಜೋತುಬಿದ್ದರೆ, ಕಾರಣ ಏನೇ ಇರಲಿ, ಅದನ್ನು ವರದಿ ಮಾಡಬೇಕು. ಈ ಸ್ಥಿತಿಗೆ ಎ.ಎಫ್.ಪಿ. ಎಂಬ ಸಂಕ್ಷಿಪ್ತ ಹೆಸರಿದೆ. ಸರ್ಕಾರಿ ಆಸ್ಪತ್ರೆಗಳಷ್ಟೇ ಅಲ್ಲದೆ ಖಾಸಗಿ ವೈದ್ಯರು, ನಾಟಿ ವೈದ್ಯರೂ ಈ ಮಾಹಿತಿ ಜಾಲದ ಭಾಗವಾಗಿದ್ದಾರೆ. ಯಾವುದೇ ಪ್ರಕರಣ ಕಂಡುಬರದ ವಾರದಲ್ಲಿಯೂ ವರದಿ ಕೇಂದ್ರಗಳು ‘ಶೂನ್ಯ’ ಎಂದು ತಿಳಿಸಬೇಕು. ಇದರಿಂದ ಪ್ರಕರಣವೇ ಇಲ್ಲದಿರುವುದಕ್ಕೂ ವರದಿಯೇ ಬಾರದಿರುವುದಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ವರದಿ ಬಂದ 48 ಗಂಟೆಗಳೊಳಗೆ ತನಿಖೆ ನಡೆಯಬೇಕು. ಲಕ್ವ ಕಾಣಿಸಿಕೊಂಡ 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ, ಮಗುವಿನ ಮಲದ ಎರಡು ಮಾದರಿಗಳನ್ನು ಸಂಗ್ರಹಿಸಲಾಗುತ್ತದೆ. ವೈರಾಣು ಮಲದಲ್ಲಿ ಬಿಟ್ಟುಬಿಟ್ಟು ಹೊರಬರುವುದರಿಂದ ಒಂದು ಮಾದರಿ ಸಾಲದು. ಮಾದರಿಗಳನ್ನು ಶೀತಲ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಲಸಿಕೆಯು ಉಗ್ರಾಣದಿಂದ ಹಳ್ಳಿಗೆ ಸಾಗುವ ಶೀತಲ ಸರಪಳಿಗೆ ಇದು ವಿರುದ್ಧ ದಿಕ್ಕಿನದು. ಸೂಕ್ತ ಮಾದರಿ ದೊರೆಯದಿದ್ದಾಗ 60 ದಿನಗಳ ನಂತರ ಮಗುವನ್ನು ಮತ್ತೆ ಪರೀಕ್ಷಿಸಿ, ತಜ್ಞರ ಸಮಿತಿಯು ತೀರ್ಮಾನ ಕೈಗೊಳ್ಳುತ್ತದೆ.

ಪ್ರಯೋಗಾಲಯಗಳು

ಮುಂಬೈ, ಚೆನ್ನೈ, ಕೋಲ್ಕತ್ತ, ಲಖನೌ ಮೊದಲಾದ ನಗರಗಳ ಪ್ರಯೋಗಾಲಯಗಳು ಈ ಜಾಲದಲ್ಲಿವೆ. ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯ ಬೆಂಗಳೂರು ಘಟಕವೂ ಇದರಲ್ಲಿ ಸೇರಿದೆ. ದೊರೆತ ವೈರಾಣು ನಿಸರ್ಗದಲ್ಲಿ ಹರಡುತ್ತಿರುವ ಕಾಡು ವೈರಾಣುವೇ ಅಥವಾ ಲಸಿಕೆಯಿಂದ ಬಂದುದೇ ಎಂಬುದನ್ನು ಇಲ್ಲಿ ಗುರುತಿಸಲಾಗುತ್ತದೆ. ವಂಶವಾಹಿ ವಿಶ್ಲೇಷಣೆಯಿಂದ ಅದು ಯಾವ ಪ್ರದೇಶದಿಂದ ಬಂದಿರಬಹುದೆಂದು ತಿಳಿಯಬಹುದು.

ಗುಣಮಟ್ಟದ ಅಳತೆ

ಗೀಲನ್-ಬಾರೆ ಸಿಂಡ್ರೋಮ್, ಬೆನ್ನುಹುರಿಯ ಉರಿಯೂತ, ನರಕ್ಕಾದ ಪೆಟ್ಟು ಮುಂತಾದ ಕಾರಣಗಳಿಂದಲೂ ಮಕ್ಕಳಿಗೆ ಇಂತಹ ಲಕ್ವ ಬರುತ್ತದೆ. ಪೋಲಿಯೊ ಇಲ್ಲದ ಸಮಾಜದಲ್ಲಿಯೂ 15 ವರ್ಷದೊಳಗಿನ ಪ್ರತಿ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕನಿಷ್ಠ ಒಂದು ಪ್ರಕರಣ ಪತ್ತೆಯಾಗಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಶೇಕಡ 80ರಷ್ಟು ಪ್ರಕರಣಗಳಲ್ಲಿ ಸೂಕ್ತ ಮಾದರಿಗಳೂ ದೊರೆಯಬೇಕು. ಒಂದು ಜಿಲ್ಲೆಯಿಂದ ಇಂತಹ ವರದಿಗಳು ನಿರೀಕ್ಷೆಗಿಂತ ಕಡಿಮೆ ಬಂದರೆ, ಅಲ್ಲಿ ಪೋಲಿಯೊ ಇಲ್ಲವೆಂದು ನಿರ್ಧರಿಸುವಂತಿಲ್ಲ. ಹುಡುಕಾಟವೇ ಸಾಲದೆಂದು ಭಾವಿಸಬೇಕಾಗುತ್ತದೆ.

ಚರಂಡಿ ನೀರಿನ ಪರೀಕ್ಷೆ

ಲಕ್ವಕ್ಕೊಳಗಾದ ಮಕ್ಕಳಿಲ್ಲದ ಕಡೆಯೂ ವೈರಾಣುವನ್ನು ಗುರುತಿಸಲು 2001ರಲ್ಲಿ ಮುಂಬೈನಲ್ಲಿ ಚರಂಡಿ ನೀರಿನ ಪರೀಕ್ಷೆ ಆರಂಭವಾಯಿತು. ಮುಂದೆ ಇದು ದೆಹಲಿ, ಪಟ್ನಾ, ಕೋಲ್ಕತ್ತ ಮುಂತಾದ ನಗರಗಳಿಗೂ ವಿಸ್ತರಿಸಿತು. ರೋಗಲಕ್ಷಣವಿಲ್ಲದ ಸೋಂಕಿತರ ಮೂಲಕ ಹೊರಬಂದ ವೈರಾಣುವೂ ಇದರಲ್ಲಿ ಸಿಕ್ಕಿಬೀಳುವುದರಿಂದ ಇದು ಮುನ್ಸೂಚನೆಯಂತೆ ಕೆಲಸ ಮಾಡುತ್ತದೆ.

ಫಲಿತಾಂಶ

ಭಾರತದಲ್ಲಿ 2002ರಲ್ಲಿ 1,600 ಪ್ರಕರಣಗಳು ದಾಖಲಾದವು. ಇವುಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶದವು. 2003ರಲ್ಲಿ ಕರ್ನಾಟಕದಲ್ಲಿಯೂ ರೋಗ ಮರುಕಳಿಸಿತು. ಒಂದು ರಾಜ್ಯದಲ್ಲಿ ಉಳಿದ ವೈರಾಣು ಇತರ ರಾಜ್ಯಗಳ ಮಕ್ಕಳಿಗೂ ಅಪಾಯವೆಂಬುದು ಇದರಿಂದ ಮನದಟ್ಟಾಯಿತು. 2009ರಲ್ಲಿ 741 ಪ್ರಕರಣಗಳಿದ್ದು, ಅದು ಆ ವರ್ಷ ಜಗತ್ತಿನಲ್ಲಿಯೇ ಅತಿ ಹೆಚ್ಚಿನ ಸಂಖ್ಯೆಯಾಗಿತ್ತು. ಕಣ್ಗಾವಲಿನ ಅಂಕಿ-ಅಂಶಗಳನ್ನು ಆಧರಿಸಿ ಉತ್ತರ ಪ್ರದೇಶ ಮತ್ತು ಬಿಹಾರಗಳ 107 ಬ್ಲಾಕ್‌ಗಳನ್ನು ಗುರುತಿಸಿ, ಅಲ್ಲಿ ಲಸಿಕೆಯ ಜೊತೆಗೆ ನೈರ್ಮಲ್ಯ ಮತ್ತು ಶುದ್ಧ ನೀರಿನ ಕಡೆಗೂ ವಿಶೇಷ ಗಮನ ನೀಡಲಾಯಿತು. 2010ರಲ್ಲಿ ಪ್ರಕರಣಗಳ ಸಂಖ್ಯೆ 42ಕ್ಕೆ ಇಳಿಯಿತು.

ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣವು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುಬಂದಿತು. ಆ ಬಳಿಕ ಮೂರು ವರ್ಷ ಹುಡುಕಾಟ ಎಡೆಬಿಡದೆ ನಡೆದು, ಕಾಡು ವೈರಾಣು ಎಲ್ಲಿಯೂ ದೊರೆಯದ ಕಾರಣ, 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊ ಮುಕ್ತವೆಂದು ಘೋಷಿಸಲಾಯಿತು.

ಪ್ರಸ್ತುತತೆ

ನೆರೆಯ ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನಗಳಲ್ಲಿ ಕಾಡು ವೈರಾಣುವಿನ ಹರಡುವಿಕೆ ನಿಂತಿಲ್ಲ. ಲಸಿಕೆಯ ಪ್ರಮಾಣ ಕಡಿಮೆಯಿರುವಲ್ಲಿ ಹನಿ ಲಸಿಕೆಯಲ್ಲಿನ ದುರ್ಬಲ ವೈರಾಣುವೂ ಕಾಲಕ್ರಮದಲ್ಲಿ ಮಾರ್ಪಟ್ಟು ರೋಗ ತರಬಲ್ಲದು. ಆದ್ದರಿಂದ ಪ್ರಮಾಣಪತ್ರ ದೊರೆತ ನಂತರವೂ ಕಣ್ಗಾವಲು ಮುಂದುವರಿದಿದೆ. ಇದೇ ಜಾಲವನ್ನು ದಡಾರ ಮತ್ತು ರುಬೆಲ್ಲಾ ರೋಗಗಳ ಪತ್ತೆಗೂ ಬಳಸಲಾಗುತ್ತಿದೆ. ಮಗುವಿನ ಕೈ ಅಥವಾ ಕಾಲು ಹಠಾತ್ತನೆ ಬಲ ಕಳೆದುಕೊಂಡರೆ, ಪೋಲಿಯೊ ಹನಿ ಹಾಕಿಸಿದ್ದರೂ, ತಡಮಾಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಈ ವ್ಯವಸ್ಥೆಯ ಮೊದಲ ಹೆಜ್ಜೆಯಾಗಿದೆ.