ಸಹಪಠನದ ಕಟ್ಟಳೆಗಳೂ ಗ್ರಂಥಗಳ ಆಯ್ಕೆಯೂ

ಗ್ರಂಥವನ್ನು ಮನಸ್ಸು ಬಂದಾಗ, ಮನಸ್ಸು ಬಂದಷ್ಟು, ಒಬ್ಬನೇ ಕುಳಿತು ಓದುವುದು ಒಂದು ಕ್ರಮ. ಹತ್ತಾರು ಮಂದಿ ಕೂಡಿ, ಇಷ್ಟು ಕಾಲದಲ್ಲಿ ಇಂಥಿಂಥ ಗ್ರಂಥಗಳನ್ನು ಓದಿ ಮುಗಿಸುವೆವೆಂದು ಕಟ್ಟಳೆ ಮಾಡಿಕೊಂಡು ಓದುವುದು ಮತ್ತೊಂದು ಕ್ರಮ. ಈ ಎರಡನೆಯ ಕ್ರಮವು ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಹೆಚ್ಚಾಗಿ ಕಾಣಬರುತ್ತಿದೆ. ವರ್ಷಕ್ಕೆ ಹನ್ನೆರಡು ಗ್ರಂಥಗಳು. ಅವುಗಳಲ್ಲಿ ಒಂದು ಅನುವಾದವಾಗಿರಬೇಕು, ಒಂದು ನೂರು ವರ್ಷಗಳಿಗೆ ಹಿಂದಿನದಾಗಿರಬೇಕು, ಒಂದು ಸ್ತ್ರೀಯಿಂದ ರಚಿತವಾಗಿರಬೇಕು, ಇನ್ನೊಂದು ಐನೂರು ಪುಟಗಳಿಗೆ ಕಡಮೆಯಾಗಿರಬಾರದು. ಹೀಗೆ ಪಣತೊಟ್ಟು ಓದುವವರುಂಟು. ಇದನ್ನು ಹೊಸ ಚಾಳಿಯೆಂದು ಕೆಲವರು ಮೆಚ್ಚುತ್ತಾರೆ, ಕೆಲವರು ಹಳಿಯುತ್ತಾರೆ. ವಾಸ್ತವವಾಗಿ ಇದು ಹೊಸತಲ್ಲ. ಇದಕ್ಕೆ ಸುಮಾರು ಒಂದೂವರೆ ಶತಮಾನದ ಇತಿಹಾಸವುಂಟು. ಕಟ್ಟಳೆಯು ಗ್ರಂಥವನ್ನು ಆರಿಸುವಾಗ ಯಾವುದನ್ನು ಒಳಕ್ಕೆ ಕರೆಯುತ್ತದೆ, ಯಾವುದನ್ನು ಬಾಗಿಲಲ್ಲಿಯೇ ತಡೆಯುತ್ತದೆ ಎಂಬುದು ಆ ಇತಿಹಾಸದಿಂದ ಚೆನ್ನಾಗಿ ತಿಳಿದುಬರುತ್ತದೆ. ಆದಕಾರಣ ಅದರಲ್ಲಿನ ಮೂರು ನಿದರ್ಶನಗಳನ್ನು ವಾಚಕರ ಮುಂದಿಡುವೆನು.

ಮೊದಲನೆಯದು ಅಮೆರಿಕಾ ದೇಶದ್ದು. ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ ಷಟಾಕ್ವಾ ಎಂಬ ಸರೋವರವುಂಟು. ಅದರ ದಡದಲ್ಲಿ ೧೮೭೪ನೆಯ ಇಸವಿಯಲ್ಲಿ, ಭಾನುವಾರದ ಧರ್ಮಪಾಠಶಾಲೆಗಳ ಉಪಾಧ್ಯಾಯರಿಗಾಗಿ ಒಂದು ಬೇಸಗೆಯ ಶಿಬಿರವು ನಡೆಯಿತು. ಅದನ್ನು ಏರ್ಪಡಿಸಿದವರು ಇಬ್ಬರು. ಲೂಯಿ ಮಿಲ್ಲರನು ಪೈರು ಕೊಯ್ಯುವ ಯಂತ್ರಗಳನ್ನು ರಚಿಸಿ ಹಣವಂತನಾದವನು. ಮುಂದೆ ಎಡಿಸನ್ನನಿಗೆ ಮಾವನಾದವನು ಇವನೇ. ಜಾನ್ ವಿನ್ಸೆಂಟನು ಮೆಥಡಿಸ್ಟ್ ಪಂಥದ ಬೋಧಕನು. ಯೌವನದಲ್ಲಿ ಕಾಲೇಜಿನ ವಿದ್ಯಾಭ್ಯಾಸವು ತನಗೆ ದೊರೆಯಲಿಲ್ಲವೆಂಬ ಕೊರಗು ವಿನ್ಸೆಂಟನಲ್ಲಿ ಬಹುಕಾಲ ಉಳಿದಿತ್ತು. ತನ್ನಂತೆಯೇ ಕೊರಗುವವರು ದೇಶದಲ್ಲಿ ಎಷ್ಟೋ ಮಂದಿ ಇರುವರೆಂದು ಬಗೆದು, ೧೮೭೮ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಅವನು ಒಂದು ವಾಚಕ ಮಂಡಲವನ್ನು ಸ್ಥಾಪಿಸಿದನು.

ಅದರ ಕಟ್ಟಳೆಗಳು ಸರಳವಾಗಿದ್ದುವು. ನಾಲ್ಕು ವರ್ಷಗಳ ಪಾಠಕ್ರಮ, ದಿನಕ್ಕೆ ಮುಕ್ಕಾಲು ಗಂಟೆಯೊಳಗಿನ ಓದು, ಅಲ್ಪವಾದ ಶುಲ್ಕ, ಊರೂರಿನಲ್ಲಿ ನೆರೆಯವರು ಕೂಡಿ ಚರ್ಚಿಸಲು ಚಿಕ್ಕ ಚಿಕ್ಕ ಕೂಟಗಳು, ಕೊನೆಯಲ್ಲಿ ಒಂದು ಪ್ರಮಾಣಪತ್ರ. ಮೊದಲನೆಯ ತಂಡಕ್ಕೇ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರು. ೧೮೮೨ರಲ್ಲಿ ಪ್ರಮಾಣಪತ್ರವನ್ನು ಪಡೆದವರಾದರೋ ಸುಮಾರು ಸಾವಿರದ ಏಳುನೂರು ಮಂದಿ. ಐವರಲ್ಲಿ ಒಬ್ಬರು ಮಾತ್ರ ಕಡೆ ಮುಟ್ಟಿದರೆಂದಾಯಿತು. ಪಣತೊಟ್ಟು ನಡುವೆ ಬಿಟ್ಟವರು ನಮ್ಮಲ್ಲಿದ್ದರೆ ಈ ಲೆಕ್ಕದಿಂದ ಕೊಂಚ ಸಮಾಧಾನ ಪಡೆಯಬಹುದು.

ಗ್ರಂಥಗಳನ್ನು ಆರಿಸುವ ಭಾರವು ಮಂಡಲದ ಹಿರಿಯರ ಮೇಲಿತ್ತು. ಗ್ರಂಥವು ಇಂಗ್ಲಿಷಿನಲ್ಲಿರಬೇಕು, ಬೆಲೆ ಹೆಚ್ಚಾಗಿರಬಾರದು, ಕಾಲೇಜನ್ನು ಕಾಣದವರಿಗೂ ತಿಳಿಯುವಂತಿರಬೇಕು, ದೈವಭಕ್ತರ ಮನೆಯಲ್ಲಿ ಎಲ್ಲರೆದುರಿಗೂ ಓದತಕ್ಕುದಾಗಿರಬೇಕು. ಜಾನ್ ರಿಚರ್ಡ್ ಗ್ರೀನನು ಬರೆದ ಇಂಗ್ಲಿಷ್ ಜನರ ಸಂಕ್ಷೇಪ ಚರಿತ್ರೆಯು ಈ ಅಳತೆಗೆ ಸರಿಹೊಂದಿ ಮೊದಲನೆಯ ವರ್ಷದಲ್ಲಿಯೇ ಸ್ಥಾನ ಪಡೆಯಿತು. ಆದರೆ ಅಳತೆಗೆ ಹೊಂದುವ ಗ್ರಂಥಗಳು ಎಲ್ಲ ವಿಷಯಗಳಲ್ಲಿಯೂ ಸಿಕ್ಕಬೇಕಲ್ಲವೆ? ಸಿಕ್ಕದ ಕಡೆ ಹೊಸದಾಗಿಯೇ ಬರೆಯಿಸಿದರು. ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಅರಿಯದವರಿಗಾಗಿ ವಿಲ್ಕಿನ್ಸನ್ ಎಂಬ ವಿದ್ವಾಂಸನು ಆ ಸಾಹಿತ್ಯಗಳ ಸಾರವನ್ನು ಇಂಗ್ಲಿಷಿನಲ್ಲಿ ಹೇಳುವ ಪುಸ್ತಕಗಳನ್ನು ರಚಿಸಿಕೊಟ್ಟನು. ಇದರಿಂದ ಉಪಕಾರವಾಯಿತು; ಸಂದೇಹವಿಲ್ಲ. ಆದರೆ ಗ್ರಂಥಕ್ಕೆ ತಕ್ಕಂತೆ ಕಟ್ಟಳೆ ಇರುವುದಕ್ಕೆ ಬದಲಾಗಿ ಕಟ್ಟಳೆಗೆ ತಕ್ಕಂತೆ ಗ್ರಂಥವು ಹುಟ್ಟಿತು. ಹೋಮರನನ್ನು ಓದುವುದಕ್ಕೂ ಹೋಮರನ ವಿಷಯವಾಗಿ ಓದುವುದಕ್ಕೂ ನಡುವೆ ಇರುವ ಅಂತರವನ್ನು ಓದುವವರು ಮರೆಯುವ ಸಂಭವವೂ ಅದರೊಡನೆ ಹುಟ್ಟಿತು.

ಇಷ್ಟಾದರೂ ಆ ಮಂಡಲದ ಒಂದು ಏರ್ಪಾಡು ಬಹಳ ವಿವೇಕದ್ದೆಂದು ನನಗೆ ತೋರುತ್ತದೆ. ಹಳಬರೂ ಹೊಸಬರೂ ಒಂದು ವರ್ಷದಲ್ಲಿ ಒಂದೇ ಗ್ರಂಥಗಳನ್ನು ಓದುತ್ತಿದ್ದರು. ಆದಕಾರಣ ಈ ದಿನ ಸೇರಿದವನು ಮೂರು ವರ್ಷಗಳ ಹಿಂದೆ ಸೇರಿದವನೊಡನೆ ಸಮನಾಗಿ ಕುಳಿತು ಮಾತನಾಡಬಹುದಾಗಿತ್ತು. ಸೇರಿದವರಲ್ಲಿ ಹೆಚ್ಚಿನವರು ಸ್ತ್ರೀಯರು. ಹೊಲದ ನಡುವಿನ ಒಂಟಿ ಮನೆಗಳಲ್ಲಿ, ಕಾಲೇಜಿನ ಮಾತೇ ಇಲ್ಲದ ಊರುಗಳಲ್ಲಿ, ಅವರಿಗೆ ವಿದ್ಯೆಯ ಸಂಗಡ ಜೊತೆಯೂ ದೊರೆಯಿತು. ಮಿನ್ನೆಸೋಟಾ ಸಂಸ್ಥಾನದ ಸ್ಟಿಲ್‌ವಾಟರ್ ಸೆರೆಮನೆಯಲ್ಲಿ ೧೮೯೦ರಲ್ಲಿ ಸೆರೆಯಾಳುಗಳೇ ಒಂದು ಕೂಟವನ್ನು ಮಾಡಿಕೊಂಡರು. ಆ ಮಂಡಲವು ಇಂದಿಗೂ ನಡೆಯುತ್ತಿದೆ. ವರ್ಷವರ್ಷವೂ ಗ್ರಂಥಗಳನ್ನು ಆರಿಸುತ್ತಿದೆ.

ಎರಡನೆಯ ನಿದರ್ಶನವು ಲಂಡನ್ ಪಟ್ಟಣದ್ದು. ೧೮೫೪ರಲ್ಲಿ ಸ್ಥಾಪಿತವಾದ ಕೂಲಿಕಾರರ ಕಾಲೇಜೊಂದು ಅಲ್ಲಿತ್ತು. ೧೮೮೬ನೆಯ ಇಸವಿಯ ಆರಂಭದಲ್ಲಿ ಅದರ ಅಧ್ಯಕ್ಷನಾದ ಸರ್ ಜಾನ್ ಲಬ್ಬಕ್ ಮಹಾಶಯನು ಓದಿನ ವಿಷಯವಾಗಿ ಒಂದು ಉಪನ್ಯಾಸವನ್ನು ಮಾಡಿದನು. ಈತನು ಬ್ಯಾಂಕಿನ ಯಜಮಾನ, ಪಾರ್ಲಿಮೆಂಟಿನ ಸದಸ್ಯ, ಇರುವೆ ಜೇನುಹುಳುಗಳ ಜೀವನವನ್ನು ಶೋಧಿಸಿದ ವಿಜ್ಞಾನಿ. ೧೮೭೧ರಲ್ಲಿ ಬ್ಯಾಂಕುಗಳ ರಜಾದಿನಗಳ ಕಾನೂನನ್ನು ಮಾಡಿಸಿದವನೂ ಇವನೇ. ದುಡಿಯುವವರಿಗೆ ಬಿಡುವನ್ನು ಕೊಡಿಸಿದವನು, ಆ ಬಿಡುವಿನಲ್ಲಿ ಏನನ್ನು ಓದಬೇಕೆಂಬುದನ್ನೂ ಯೋಚಿಸಿದ್ದು ಸಹಜವೇ ಸರಿ. ಅವನು ಸುಮಾರು ನೂರು ಗ್ರಂಥಗಳ ಪಟ್ಟಿಯೊಂದನ್ನು ಮುಂದಿಟ್ಟನು. ಇವು ತನ್ನ ಮೆಚ್ಚಿನ ಗ್ರಂಥಗಳಲ್ಲ, ಓದಿನ ಸುಖವನ್ನು ಬಣ್ಣಿಸಿದ ಹಿರಿಯರು ಹೆಚ್ಚಾಗಿ ಕೊಂಡಾಡಿರುವ ಗ್ರಂಥಗಳು ಎಂದು ವಿನಯದಿಂದ ತಿಳಿಸಿದನು.

ಪಟ್ಟಿಗೆ ಒಂದು ಮುಖ್ಯ ನಿಬಂಧನೆ ಇತ್ತು: ಗ್ರಂಥಕರ್ತನು ಬದುಕಿರಬಾರದು. ಕಾಲದ ಪರೀಕ್ಷೆಗೆ ನಿಂತುದನ್ನೇ ಆರಿಸಬೇಕೆಂಬುದು ಇದರ ಅಭಿಪ್ರಾಯವಿರಬಹುದು. ಫಲವಾದರೋ ವಿಚಿತ್ರವಾಯಿತು. ನಾಲ್ಕು ವರ್ಷಗಳ ಹಿಂದೆ, ೧೮೮೨ರಲ್ಲಿ, ತೀರಿಕೊಂಡಿದ್ದ ಡಾರ್ವಿನ್ನನಿಗೆ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ೧೮೯೨ರವರೆಗೆ ಬದುಕಿದ್ದ ಟೆನ್ನಿಸನ್ ಕವಿಗೆ ದೊರೆಯಲಿಲ್ಲ. ೧೯೦೦ರವರೆಗೆ ಬದುಕಿದ್ದ ರಸ್ಕಿನ್ನನಿಗೂ ದೊರೆಯಲಿಲ್ಲ. ಗ್ರಂಥದ ಯೋಗ್ಯತೆಯನ್ನು ಅಳೆಯಹೊರಟ ಕಟ್ಟಳೆಯು ಗ್ರಂಥಕರ್ತನ ಆಯುಸ್ಸನ್ನು ಅಳೆದಂತಾಯಿತು. ಕಾಲೇಜು ಆರಂಭವಾದ ದಿನಗಳಲ್ಲಿ ಅದೇ ಕೂಲಿಕಾರರಿಗೆ ಚಿತ್ರಲೇಖನವನ್ನು ಕಲಿಸಿದ್ದವನು ರಸ್ಕಿನ್ನನೆಂಬುದನ್ನು ನೆನೆದರೆ ಇದು ಇನ್ನಷ್ಟು ವಿಚಿತ್ರವೆನಿಸುತ್ತದೆ.

'ಪಾಲ್ ಮಾಲ್ ಗೆಜೆಟ್' ಎಂಬ ವೃತ್ತಪತ್ರಿಕೆಯವರು ಈ ಪಟ್ಟಿಯನ್ನು ಹಲವು ಗಣ್ಯರಿಗೆ ಕಳುಹಿಸಿ ಅವರವರ ಅಭಿಪ್ರಾಯವನ್ನು ಕೇಳಿದರು. ರಸ್ಕಿನ್ನನು ಲೇಖನಿಯನ್ನು ತೆಗೆದುಕೊಂಡು ಗಿಬ್ಬನ್ನನನ್ನು ಹೊಡೆದುಹಾಕಿದನು, ಡಾರ್ವಿನ್ನನನ್ನು ಹೊಡೆದುಹಾಕಿದನು, ಇನ್ನೂ ಅನೇಕರನ್ನು ಹೊಡೆದುಹಾಕಿದನು. ಒಬ್ಬನ ಕಟ್ಟಳೆಯು ಇನ್ನೊಬ್ಬನಿಗೆ ಒಗ್ಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಲಬ್ಬಕ್ಕನ ಪಟ್ಟಿಯಲ್ಲಿ ನಮ್ಮ ದೇಶದ ಗ್ರಂಥಗಳೂ ಇದ್ದುವು. ಕಾಳಿದಾಸನ ಶಾಕುಂತಲವಿತ್ತು. ರಾಮಾಯಣ ಮಹಾಭಾರತಗಳೂ ಇದ್ದುವು. ಆದರೆ ಅವು ಬಂದದ್ದು ಟಾಲ್‌ಬಾಯ್ಸ್ ವೀಲರನೆಂಬ ಚರಿತ್ರಕಾರನು ತನ್ನ ಭಾರತದ ಚರಿತ್ರೆಯ ಮೊದಲೆರಡು ಸಂಪುಟಗಳಲ್ಲಿ ಮಾಡಿದ್ದ ಸಂಗ್ರಹದ ರೂಪದಲ್ಲಿ. ಲಕ್ಷ ಶ್ಲೋಕಗಳೆಂದು ಪ್ರಸಿದ್ಧವಾದ ಮಹಾಭಾರತವು ನೂರರ ಲೆಕ್ಕಕ್ಕೆ ಹೊಂದಬೇಕಾದರೆ ಮೈಯನ್ನು ಕುಗ್ಗಿಸಿಕೊಂಡೇ ಬರಬೇಕಾಯಿತು.

ಕುಗ್ಗಿಸುವುದೆಲ್ಲವೂ ತಪ್ಪೆಂದು ನಾನು ಹೇಳುವುದಿಲ್ಲ. ಕನ್ನಡಿಗರಾದ ನಾವು ಹಾಗೆ ಹೇಳುವಂತೆಯೂ ಇಲ್ಲ. ಪಂಪನು ೯೪೧ರಲ್ಲಿ ಭಾರತದ ಕಥೆಯನ್ನು ಅಡಕಮಾಡಿ, ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಬೆರಸಿ ಹೇಳಿದನು. ಕುಮಾರವ್ಯಾಸನು ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಹಾಡಿದನು. ಉಳಿದುವನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿಯು ಪೂರ್ಣಗೊಳಿಸಿದನು. ಆದರೆ ಪಂಪನೂ ಕುಮಾರವ್ಯಾಸನೂ ಬಿಟ್ಟದ್ದು ಕಾವ್ಯದ ಅಗತ್ಯಕ್ಕಾಗಿ. ಬಿಟ್ಟಲ್ಲಿ ತಮ್ಮದನ್ನು ತುಂಬಿದರು. ಪಟ್ಟಿಯ ಅಗತ್ಯಕ್ಕಾಗಿ ತೆಗೆದುಕೊಂಡ ಸಂಗ್ರಹದಲ್ಲಿ ಬಿಟ್ಟದ್ದು ಬಿಟ್ಟುಹೋಯಿತು. ಈ ಭೇದವನ್ನು ಗ್ರಂಥ ಆರಿಸುವವರು ಗಮನಿಸಬೇಕು.

ಮೂರನೆಯ ನಿದರ್ಶನವು ಮತ್ತೆ ಅಮೆರಿಕೆಯದು. ನಾಲ್ವತ್ತು ವರ್ಷಗಳ ಕಾಲ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿದ್ದು ೧೯೦೯ರಲ್ಲಿ ನಿವೃತ್ತನಾದ ಚಾರ್ಲ್ಸ್ ಎಲಿಯಟ್ಟನು, ಐದು ಅಡಿ ಉದ್ದದ ಹಲಗೆಯ ಮೇಲೆ ಹಿಡಿಯುವಷ್ಟು ಗ್ರಂಥಗಳನ್ನು ದಿನಕ್ಕೆ ಹದಿನೈದು ನಿಮಿಷಗಳಂತೆ ಓದಿದರೂ ಮನುಷ್ಯನು ಒಳ್ಳೆಯ ವಿದ್ಯೆಯನ್ನು ಪಡೆಯಬಹುದೆಂದು ಹೇಳುತ್ತಿದ್ದನು. ಕಾಲಿಯರ್ ಎಂಬ ಪ್ರಕಾಶಕರು ಆ ಮಾತನ್ನು ಹಿಡಿದು, ಆ ಹಲಗೆಯನ್ನು ತುಂಬಿಕೊಡಬೇಕೆಂದು ಅವನನ್ನೇ ಕೇಳಿದರು. ೧೯೦೯–೧೦ರಲ್ಲಿ ಐವತ್ತು ಸಂಪುಟಗಳು ಹೊರಬಂದುವು.

ಇಲ್ಲಿ ಕಟ್ಟಳೆಯು ಬಡಗಿಯ ಅಳತೆಯಾಯಿತು. ಭಗವದ್ಗೀತೆಯು ಎಡ್ವಿನ್ ಆರ್ನಾಲ್ಡನ ಪದ್ಯಾನುವಾದದಲ್ಲಿ ಆ ಹಲಗೆಯನ್ನು ಏರಿತು. ಬೌದ್ಧಗ್ರಂಥಗಳ ಭಾಗಗಳೂ ಏರಿದುವು. ಗೀತೆಯನ್ನು ತನ್ನೊಳಗೆ ಇಟ್ಟುಕೊಂಡಿರುವ ಮಹಾಭಾರತವು ಏರಲಿಲ್ಲ. ಏಳುನೂರು ಶ್ಲೋಕಗಳು ಹಿಡಿಯುವ ಎಡೆಯಲ್ಲಿ ಲಕ್ಷ ಶ್ಲೋಕಗಳು ಹಿಡಿಯುವುದೆಂತು? ಕುರುಕ್ಷೇತ್ರದ ನಡುವೆ ರಥ ನಿಂತುದೇಕೆಂಬುದನ್ನು ಅರಿಯದೆ ಗೀತೆಯನ್ನು ಓದಿದವರು ಎಷ್ಟು ಮಂದಿಯೋ! ಕಾದಂಬರಿಗಳಿಗೂ ಅಲ್ಲಿ ಎಡೆ ಬಹಳ ಕಡಮೆಯಾಗಿತ್ತು. ೧೯೧೭ರಲ್ಲಿ ಅವುಗಳಿಗಾಗಿಯೇ ಇಪ್ಪತ್ತು ಸಂಪುಟಗಳ ಬೇರೊಂದು ಹಲಗೆಯನ್ನು ಮಾಡಬೇಕಾಯಿತು. ಷಟಾಕ್ವಾದ ಮಂಡಲಕ್ಕೂ ಇದಕ್ಕೂ ಇನ್ನೊಂದು ಅಂತರವುಂಟು. ಅಲ್ಲಿ ಗ್ರಂಥದೊಡನೆ ಕೂಟವೂ ಇತ್ತು. ಇಲ್ಲಿ ಗ್ರಂಥಗಳು ಮನೆಗೆ ಬಂದುವು, ಕೂಡಿ ಓದುವವರನ್ನು ಕರೆತರಲಿಲ್ಲ.

ಇಷ್ಟನ್ನು ಪರದೇಶಗಳವರ ದೋಷವನ್ನು ಎಣಿಸಲೆಂದು ಬರೆಯುತ್ತಿಲ್ಲ. ನನ್ನ ತಪ್ಪೊಂದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವು ಎಂಟು ಮನೆಗಳವರು ಸೇರಿ ಮೇಲೆ ಹೇಳಿದಂಥ ಒಂದು ಪಣವನ್ನು ತೊಟ್ಟೆವು. ಹನ್ನೆರಡು ಕಟ್ಟಳೆಗಳು, ಹನ್ನೆರಡು ಗ್ರಂಥಗಳು. ವರ್ಷದ ಕೊನೆ ಸಮೀಪಿಸಿದಾಗ ನನ್ನವು ನಾಲ್ಕು ಉಳಿದಿದ್ದುವು. ಪುಸ್ತಕದಂಗಡಿಗೆ ಹೋಗಿ ಬೆನ್ನಿನ ದಪ್ಪವನ್ನು ಬೆರಳಿನಿಂದ ಅಳೆದು ಅತಿ ತೆಳುವಾದ ನಾಲ್ಕನ್ನು ತಂದೆನು. ಹದಿನೈದು ದಿನಗಳಲ್ಲಿ ಮುಗಿಸಿದೆನು. ಕೊನೆಯ ಕೂಟದಲ್ಲಿ ನನ್ನ ಲೆಕ್ಕವು ಸರಿಯಾಗಿತ್ತು. ಆಗ ಹಿರಿಯ ತಾಯಿಯೊಬ್ಬರು, "ಇವುಗಳಲ್ಲಿ ಮನಸ್ಸಿಗೆ ನಾಟಿದ್ದು ಯಾವುದಪ್ಪ, ಹೇಳು" ಎಂದು ಕೇಳಿದರು. ನನಗೆ ಒಂದು ಪಾತ್ರದ ಹೆಸರೂ ನೆನಪಿಗೆ ಬರಲಿಲ್ಲ. ಆ ತಾಯಿಯವರು ವರ್ಷವೆಲ್ಲ ಓದಿದ್ದು ಎರಡೇ ಗ್ರಂಥಗಳನ್ನು. ಆ ಸಂಜೆ ನಾವೆಲ್ಲರೂ ಕೇಳಿದ್ದು ಅವರ ಮಾತನ್ನೇ.

ನಮ್ಮ ನಾಡಿನಲ್ಲಿ ಕೂಡಿ ಓದುವ ಪದ್ಧತಿಯೇನೂ ಹೊಸತಲ್ಲ. ಗಮಕಿಯು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಅಕ್ಷರ ಬಾರದವರೂ ಕುಳಿತು ಕೇಳುವುದು, ಇದು ಹಳೆಯ ರೂಢಿ. ಅಲ್ಲಿಯೂ ಗ್ರಂಥವನ್ನು ಆರಿಸುವ ಕಟ್ಟಳೆಗಳಿದ್ದುವು. ಮಳೆ ಹೋದ ವರ್ಷದಲ್ಲಿ ವಿರಾಟಪರ್ವವನ್ನು ಓದಿಸುತ್ತಿದ್ದರು. ಅಲ್ಲಿ ಗ್ರಂಥವನ್ನು ಆರಿಸಿದ್ದು ಪುಟಗಳ ಸಂಖ್ಯೆಯಲ್ಲ, ಕೇಳುವವರಿಗೆಲ್ಲ ಸಮಾನವಾದ ಒಂದು ಕಷ್ಟ. ಓದಿದ್ದರಿಂದ ಮಳೆ ಬಂದಿತೋ ಇಲ್ಲವೋ ಎಂಬ ವಾದವು ಬೇರೆ. ಊರಿನವರು ಒಂದೆಡೆ ಕುಳಿತು ಒಂದೇ ಮಾತಿಗೆ ಕಿವಿಗೊಟ್ಟರೆಂಬುದರಲ್ಲಿ ವಾದವಿಲ್ಲ.

ಹಾಗಾದರೆ ಕಟ್ಟಳೆಯೇ ಬೇಡವೆ? ಬೇಕು. ಕಟ್ಟಳೆ ಇಲ್ಲದಿದ್ದರೆ ನಮ್ಮಲ್ಲಿ ಅನೇಕರು ತಮ್ಮ ರುಚಿಯ ಓಣಿಯನ್ನು ದಾಟುವುದೇ ಇಲ್ಲ. ಅನುವಾದವೊಂದನ್ನು ಓದಲೇಬೇಕೆಂಬ ನಿಬಂಧನೆ ಇಲ್ಲದಿದ್ದರೆ ನೆರೆಯ ಮಲೆಯಾಳದ, ಮರಾಠಿಯ ಗ್ರಂಥವು ನಮ್ಮ ಕೈಗೆ ಬರುತ್ತಿತ್ತೆ? ಆದರೆ ಕಟ್ಟಳೆಗಳಲ್ಲಿ ಎರಡು ಬಗೆಯುಂಟೆಂಬುದನ್ನು ಮೇಲಿನ ಇತಿಹಾಸವು ತೋರಿಸುತ್ತದೆ. ಓದುವವರನ್ನು ಒಂದುಗೂಡಿಸುವ ಕಟ್ಟಳೆ ಒಂದು ಬಗೆ: ಯಾವ ದಿನ ಕೂಡಬೇಕು, ಯಾವ ಗ್ರಂಥವನ್ನು ಎಲ್ಲರೂ ಓದಿರಬೇಕು, ಹೊಸಬನು ಹೇಗೆ ಸೇರಬೇಕು ಎಂಬಂಥವು. ಗ್ರಂಥವನ್ನು ಹೊರಗಿನಿಂದ ಅಳೆಯುವ ಕಟ್ಟಳೆ ಇನ್ನೊಂದು ಬಗೆ: ಪುಟವೆಷ್ಟು, ವರ್ಷವಾವುದು, ಕರ್ತನು ಬದುಕಿರುವನೆ ಎಂಬಂಥವು. ಮೊದಲನೆಯದನ್ನು ಬಿಗಿಯಾಗಿ ಹಿಡಿಯಬೇಕು. ಎರಡನೆಯದನ್ನು ಸಡಿಲವಾಗಿ ಹಿಡಿಯಬೇಕು. ನಾವಾದರೋ ಹಲವು ವೇಳೆ ಇದಕ್ಕೆ ತಲೆಕೆಳಗಾಗಿ ನಡೆಯುತ್ತೇವೆ.

ಮುಂದಿನ ವರ್ಷಕ್ಕೆ ಗ್ರಂಥಗಳನ್ನು ಗೊತ್ತುಮಾಡಿಕೊಳ್ಳುವ ಮನೆಗಳವರು ಪ್ರತಿಯೊಂದು ಕಟ್ಟಳೆಯನ್ನು ಬರೆದ ಮೇಲೆಯೂ, ಇದರಿಂದ ಯಾವ ಗ್ರಂಥವು ಹೊರಗುಳಿಯಿತೆಂದು ಒಮ್ಮೆ ಕೇಳಿಕೊಳ್ಳಲಿ. ಹನ್ನೆರಡರಲ್ಲಿ ಒಂದು ಎಡೆಯನ್ನಾದರೂ ಯಾವ ಕಟ್ಟಳೆಗೂ ಸೇರದ ಗ್ರಂಥಕ್ಕಾಗಿ ಬಿಟ್ಟಿರಲಿ. ದೊಡ್ಡ ಗ್ರಂಥವೊಂದು ವರ್ಷವನ್ನೆಲ್ಲ ನುಂಗಿದರೆ ಅದನ್ನು ಸೋಲೆಂದು ಬರೆಯದಿರಲಿ. ನಮ್ಮ ಎಂಟು ಮನೆಗಳ ಕೂಟದಲ್ಲಿ ಈಗ ಲೆಕ್ಕದ ಪುಸ್ತಕವಿಲ್ಲ. ಕೊನೆಯ ದಿನ ಆ ತಾಯಿಯವರ ಪ್ರಶ್ನೆಯನ್ನು ಮಾತ್ರ ಒಬ್ಬರು ಇನ್ನೊಬ್ಬರಿಗೆ ಹಾಕುತ್ತೇವೆ. ಅದಕ್ಕೆ ಉತ್ತರ ಹೇಳುವಂತೆ ಓದುವುದು ಹನ್ನೆರಡು ಕಟ್ಟಳೆಗಳನ್ನು ಪೂರೈಸುವುದಕ್ಕಿಂತ ಕಷ್ಟವೆಂದು ಎಲ್ಲರಿಗೂ ಅನುಭವವಾಗಿದೆ.