ಕಂಪ್ಯೂಟರ್ ಹಾಕಿದ ಲೆಕ್ಕ ತಪ್ಪಿರಲು ಸಾಧ್ಯವೇ?

ವಾಟ್ಸ್ಆ್ಯಪ್‌ಗೆ ಬಣ್ಣದ ಗ್ರಾಫ್ ಒಂದು ಬರುತ್ತದೆ. ಕೆಳಗೆ ‘ಕಂಪ್ಯೂಟರ್ ವಿಶ್ಲೇಷಣೆಯಿಂದ ಸಾಬೀತು’ ಎಂದಿರುತ್ತದೆ. ನಾವು ಮರುಯೋಚಿಸದೆ ನಾಲ್ಕು ಗುಂಪುಗಳಿಗೆ ಕಳಿಸಿಬಿಡುತ್ತೇವೆ. ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎಂಬ ಈ ನಂಬಿಕೆ ಎಷ್ಟು ಸರಿ?

ಈ ತಂತ್ರಾಂಶಗಳು ಮಾಡುವುದೇನು?

ಅಂಕಿಅಂಶ ವಿಶ್ಲೇಷಣೆಗೆ ಎಕ್ಸೆಲ್, ಎಸ್‌ಪಿಎಸ್‌ಎಸ್, ಆರ್ ಮುಂತಾದ ತಂತ್ರಾಂಶಗಳಿವೆ. ಎಸ್‌ಪಿಎಸ್‌ಎಸ್ 1968ರಲ್ಲಿ ಬಂದದ್ದು. ‘ಆರ್’ 1990ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಇವು ಸರಾಸರಿ ತೆಗೆಯುತ್ತವೆ, ಸಂಬಂಧ ಅಳೆಯುತ್ತವೆ, ಗ್ರಾಫ್ ಬರೆಯುತ್ತವೆ. ಆದರೆ ನಾವು ಕೊಟ್ಟ ಮಾಹಿತಿ ಪೂರ್ಣವಾಗಿದೆಯೇ ಎಂದು ಇವಕ್ಕೆ ತಿಳಿಯದು. ಹುಳ ಹಿಡಿದ ರಾಗಿ ಸುರಿದರೆ ಗಿರಣಿ ಅದನ್ನೇ ಬೀಸಿಕೊಡುತ್ತದೆ.

ದೊಡ್ಡವರೂ ಎಡವಿದ್ದಾರೆ

2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಮೈನಸ್ ಶೇ. 0.1 ಎಂದು ಅದರಲ್ಲಿತ್ತು. ಸರ್ಕಾರಿ ಖರ್ಚು ಕಡಿತಗೊಳಿಸಬೇಕೆಂದ ಹಲವು ರಾಜಕಾರಣಿಗಳು ಇದನ್ನೇ ಆಧಾರವಾಗಿ ತೋರಿಸಿದರು.

2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆ ಎಕ್ಸೆಲ್ ಹಾಳೆಯನ್ನು ತರಿಸಿಕೊಂಡು ನೋಡಿದರು. ಸರಾಸರಿ ತೆಗೆಯುವ ಸೂತ್ರದಲ್ಲಿ 20 ದೇಶಗಳ ಪೈಕಿ 5 ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು! ಇದರ ಜೊತೆಗೆ ಕೈಬಿಟ್ಟಿದ್ದ ಕೆಲವು ವರ್ಷಗಳ ಮಾಹಿತಿ ಸೇರಿಸಿ, ಸರಾಸರಿ ತೆಗೆಯುವ ಕ್ರಮವನ್ನೂ ಬದಲಿಸಿ ಅವರ ತಂಡ ಲೆಕ್ಕ ಹಾಕಿದಾಗ ಬಂದದ್ದು ಶೇ. 2.2. ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರು. ಮುಖ್ಯ ತೀರ್ಮಾನಕ್ಕೆ ಮಾತ್ರ ಅಂಟಿಕೊಂಡರು. ಇಲ್ಲಿ ಎಕ್ಸೆಲ್ ಕೂಡಿ ಭಾಗಿಸಿದ್ದರಲ್ಲಿ ತಪ್ಪಿರಲಿಲ್ಲ. ಯಾವುದನ್ನು ಕೂಡಬೇಕೆಂದು ಹೇಳಿದ ಮನುಷ್ಯರು ತಪ್ಪಿದ್ದರು.

ಸರಿಯಾದ ಅಂಕಿಯೂ ದಾರಿ ತಪ್ಪಿಸಬಹುದು

ಒಂದು ಊರಿನಲ್ಲಿ ರೋಗಿಗಳ ಸಂಖ್ಯೆ 50ರಿಂದ 52ಕ್ಕೆ ಏರಿತು ಎನ್ನೋಣ. ಗ್ರಾಫ್‌ನ ಲಂಬ ಗೆರೆಯನ್ನು ಸೊನ್ನೆಯ ಬದಲು 49ರಿಂದ ಶುರು ಮಾಡಿದರೆ ಎರಡನೇ ಕಂಬ ಮೊದಲನೆಯದಕ್ಕಿಂತ ಮೂರು ಪಟ್ಟು ಎತ್ತರ ಕಾಣುತ್ತದೆ. ಅಂಕಿ ಸರಿ, ಆದರೆ ನೋಡಿದವರಿಗೆ ಗಾಬರಿ.

ಫಾರ್ವರ್ಡ್ ಮಾಡುವ ಮುನ್ನ

• ಮಾಹಿತಿ ಎಲ್ಲಿಂದ ಬಂತು? ಮೂಲ ಸಿಗುತ್ತದೆಯೇ?
• ಎಷ್ಟು ಜನರ, ಯಾವ ವರ್ಷಗಳ ಲೆಕ್ಕ? ಯಾರನ್ನು ಬಿಡಲಾಗಿದೆ?
• ಕಂಬಗಳು ಸೊನ್ನೆಯಿಂದ ಶುರುವಾಗಿವೆಯೇ?

ಉತ್ತರ ಸಿಗದಿದ್ದರೆ, ಗ್ರಾಫ್ ಎಷ್ಟೇ ಚೆಂದವಿರಲಿ, ನಮ್ಮ ಫೋನಿನಲ್ಲೇ ಉಳಿಯಲಿ.