ಅಜ್ಜನ ಕಾರ್ಕ್

ಹಳೇ ಸ್ಯಾಕ್ಸೊಫೋನ್ ರಿಪೇರಿ ನನ್ನ ಹುಚ್ಚು. ಸಕ್ರೆಬೈಲಿನ ಮನೆಯೊಂದರ ಅಟ್ಟದಲ್ಲಿ ಒಂದು ಸಿಕ್ತು. ಮದುವೆಗಳಲ್ಲಿ ನುಡಿಸುತ್ತಿದ್ದ ಆ ಮನೆಯ ಅಜ್ಜನದು. ಒಳಗೆ ಬಲ್ಬ್ ಇಳಿಬಿಟ್ಟೆ. ಬೆಳಕು ಸೋರಿದಲ್ಲೆಲ್ಲ ಗಾಳಿಯೂ ಸೋರುತ್ತೆ. ಅಲ್ಲಿನ ಪ್ಯಾಡ್ ಬದಲಿಸಿದೆ. ಒಂದು ಕೀ ಕೆಳಗೆ ಅಜ್ಜ ದಪ್ಪ ಕಾರ್ಕ್ ಅಂಟಿಸಿದ್ದರು: ತೂತು ಕಮ್ಮಿ ತೆರೆದು ಸ್ವರ ತುಸು ಇಳಿಯಲಿ ಅಂತ. ಅದನ್ನೂ ಕಿತ್ತು ‘ಒರಿಜಿನಲ್’ ಮಾಡೋಣವೇ?

ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥ್ ಇದನ್ನು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿ ಮರುಳಾದರು. ಗಮಕ ಹೊಮ್ಮಲಿ ಅಂತ ವಾದ್ಯವನ್ನೇ ತಿದ್ದಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ‘ಒರಿಜಿನಲ್’ ಆಗಿಯೇ ಉಳಿದಿದ್ದರೆ ಅದು ನಮ್ಮದಾಗುತ್ತಿತ್ತೇ?

ಅಜ್ಜನ ಕಾರ್ಕ್ ಮುಟ್ಟಲಿಲ್ಲ.